ಹೊಸ್ತಿಲ ಹಳದಿ, ಬಾಗಿಲ ಹಸಿರು

ಹಳೆಯ ಬಾಗಿಲಿನ ಚರಿತ್ರೆ ತಿಳಿಯಬೇಕಾದರೆ ಅದರ ಮುಖ ನೋಡಬೇಡ, ಕೀಲಿನ ಸಂದಿ ನೋಡು ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ಮೈಸೂರಿನಲ್ಲಿ ಪೇಂಟಿಂಗ್ ಮೇಸ್ತ್ರಿಯಾಗಿದ್ದವರು. ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಬೀದಿಗಳ ಎಷ್ಟೋ ಮನೆಗಳ ಬಾಗಿಲು, ಕಿಟಕಿ, ಮೆಟ್ಟಿಲಿನ ಕಟಕಟೆಗಳು ದಸರೆ ಹತ್ತಿರ ಬಂದಾಗ ಅವರ ಕೈಯಿಂದ ಹೊಸ ಬಣ್ಣ ಕಾಣುತ್ತಿದ್ದವು. ಬಾಗಿಲಿನ ಮುಖವನ್ನು ಪ್ರತಿ ಸಲವೂ ಉಜ್ಜಿ ಬಳಿಯುತ್ತಾರೆ. ಕೀಲಿನ ಸಂದಿಗೆ ಮಾತ್ರ ಉಪ್ಪುಕಾಗದ ಹೋಗುವುದಿಲ್ಲ. ಹಾಗಾಗಿ ಹಿಂದಿನವರು ಬಳಿದದ್ದೆಲ್ಲ ಅಲ್ಲಿ ಪದರ ಪದರವಾಗಿ ಉಳಿದುಕೊಂಡಿರುತ್ತದೆ.

ನಾನು ಬ್ರಷ್ ಹಿಡಿಯಲಿಲ್ಲ. ರಸಾಯನಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಹೇಳಿದವಳು. ಆದರೆ ಅಪ್ಪನ ಮಾತು ತಲೆಯಲ್ಲಿದ್ದುದರಿಂದ, ನೆಂಟರ ಮನೆಯ ಹಳೆಯ ಬಾಗಿಲೊಂದರ ಕೀಲಿನ ಬಳಿ ತಾನಾಗಿ ಎದ್ದಿದ್ದ ಚಕ್ಕೆಯೊಂದನ್ನು ಲ್ಯಾಬಿಗೆ ತಂದು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಮೇಲ್ಗಡೆ ಚಾಕೊಲೇಟ್ ಬಣ್ಣದ ಎನಾಮೆಲ್, ತೆಳುವಾಗಿ, ಗಾಜಿನಂತೆ ನಯವಾಗಿ. ಅದರ ಕೆಳಗೆ ಮಾಸಿದ ಆಕಾಶನೀಲಿ. ಆಮೇಲೆ ದಪ್ಪನೆಯ ಕಡುಹಸಿರು, ಎರಡು ಕೈ ಹೊಡೆದದ್ದು ಗೆರೆಯಾಗಿ ಕಾಣುತ್ತಿತ್ತು. ಹಸಿರಿನ ಕೆಳಗೆ ಕೆನೆಬಣ್ಣ. ಎಲ್ಲಕ್ಕಿಂತ ಕೆಳಗೆ ಮರದ ನಾರನ್ನು ಕಚ್ಚಿಕೊಂಡಿದ್ದ ಬೂದುಬಿಳಿಯ ಪದರ. ಆ ಬಿಳಿಯ ಮೇಲೆ ಸೋಡಿಯಂ ಸಲ್ಫೈಡ್ ದ್ರಾವಣದ ಒಂದು ಹನಿ ಬಿಟ್ಟೆ. ನೋಡನೋಡುತ್ತಿದ್ದಂತೆ ಅದು ಕಾಡಿಗೆಯಷ್ಟು ಕಪ್ಪಾಯಿತು. ಬಿಳಿಯೊಳಗಿದ್ದ ಸೀಸ ಸಲ್ಫೈಡಿನೊಂದಿಗೆ ಕೂಡಿ ಕಪ್ಪಾಗುವ ಪರೀಕ್ಷೆ ಅದು.

ಆ ಪದರವನ್ನು ಮನೆಯೊಳಗೆ ತಂದವರು ಯಾರು, ಅದರ ವಿಷಯ ಲೋಕಕ್ಕೆ ಯಾವಾಗ ಗೊತ್ತಾಯಿತು, ನಮಗೆ ಯಾವಾಗ ಗೊತ್ತಾಯಿತು ಎಂಬುದನ್ನು ಬರೆಯುವುದಕ್ಕೆ ಕಾರಣವಿದೆ. ಹಳೆಯ ಬಾಗಿಲುಗಳ ಬಣ್ಣವನ್ನೆಲ್ಲ ಕಿತ್ತು, ಒಳಗಿನ ತೇಗವನ್ನು ಬರಿದಾಗಿ ತೋರಿಸುವ ಗೀಳು ಈಗ ನಮ್ಮ ಊರುಗಳಲ್ಲಿ ಹಬ್ಬಿದೆ. ಮೇಸ್ತ್ರಿಗಳು ತಲೆಮಾರುಗಳಿಂದ ಒಂದರ ಮೇಲೊಂದು ಬಳಿದು ಮುಚ್ಚಿಟ್ಟ ವಿಷವನ್ನು ಈ ಗೀಳು ಧೂಳು ಮಾಡಿ ಮನೆಯೊಳಗೆ ಚೆಲ್ಲುತ್ತಿದೆ. ಗಟ್ಟಿಯಾಗಿ ಕೂತಿರುವ ಹಳೆಯ ಬಣ್ಣವನ್ನು ಕೆತ್ತಬಾರದು, ಅದರ ಮೇಲೆಯೇ ಬಳಿಯಬೇಕು. ನಾನು ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಕಡೆಯ ಮನೆಗಳ ಮರಕ್ಕೆ ಮೊದಲು ಎಣ್ಣೆಯೇ ಬಣ್ಣ. ತೇಗ, ಹೊನ್ನೆ, ಮತ್ತಿ, ಹಲಸು, ಯಾವುದೇ ಆಗಲಿ, ತೊಲೆ ಜಂತೆಗಳಿಗೂ ಕಂಬ ಬೋದಿಗೆಗಳಿಗೂ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಅದು ಕೈಸುಡುವಷ್ಟು ಖಾರ, ಗೆದ್ದಲು ಹತ್ತಿರ ಸುಳಿಯದು. ಉಳಿದ ಕೆಲಸವನ್ನು ಅಡುಗೆಮನೆಯ ಹೊಗೆ ಮಾಡುತ್ತಿತ್ತು. ತೊಟ್ಟಿಮನೆಗಳ ಅಟ್ಟದ ಹಲಗೆಗಳು ಕರ್ರಗೆ ಮಿರುಗುವುದು ಬಣ್ಣದಿಂದಲ್ಲ, ಎಣ್ಣೆ ಮತ್ತು ಹೊಗೆಯಿಂದ.

ಮರದ ಮೇಲೆ ಬಣ್ಣ ಹಚ್ಚುವ ಕಲೆ ಇರಲಿಲ್ಲವೆಂದಲ್ಲ. ಅದು ಅರಮನೆಗೆ, ತೇರಿಗೆ, ಆಟಿಕೆಗೆ ಸೇರಿದ್ದಾಗಿತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರಲ್ಲಿ ಕಟ್ಟಿದ್ದು. ಅದರ ಕಂಬ, ಕಮಾನು, ಮಾಳಿಗೆಗಳಲ್ಲಿ ಒಂದಂಗುಲ ಜಾಗ ಬಿಡದೆ ಬಣ್ಣವಿದೆ. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಮರದ ದೇವರುಗಳಿಗೆ ಬಣ್ಣ ತುಂಬುತ್ತಿದ್ದರು. ಚನ್ನಪಟ್ಟಣದವರು ಹಾಲೆಮರದ ಗೊಂಬೆಗೆ ಅರಗಿನ ಬಣ್ಣವನ್ನು ತಿರುಗಣಿಯ ಮೇಲೆ ಒತ್ತುತ್ತಿದ್ದರು. ಧಾರವಾಡದ ಕಡೆ ಬಸುರಿ ಮಗಳನ್ನು ತವರಿಗೆ ಕರೆತಂದರೆ ಕಲಘಟಗಿಯ ಬಣ್ಣದ ತೊಟ್ಟಿಲು ನೆನಪಾಗುತ್ತಿತ್ತು. ಸಾಮಾನ್ಯರ ಮನೆಯ ಮರದ ಮೇಲಿದ್ದ ಬಣ್ಣವೆಂದರೆ ಹೊಸ್ತಿಲಿನದು ಮಾತ್ರ. ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಬಳಿದು ಕುಂಕುಮ ಇಟ್ಟರೆ ಆಯಿತು. ಮುಂದಿನ ವಾರದ ಹೊತ್ತಿಗೆ ಅದು ಕಾಲಿಗೆ ಹತ್ತಿ ಸವೆದು ಹೋಗಿರುತ್ತಿತ್ತು, ಮತ್ತೆ ಬಳಿಯುತ್ತಿದ್ದರು.

19ನೇ ಶತಮಾನದ ಕೊನೆಯಲ್ಲಿ ಇದು ಬದಲಾಯಿತು. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಸುಟ್ಟುಹೋಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಗಳನ್ನು ಬಿಟ್ಟು ಜನ ಗಾಳಿ ಬೆಳಕಿನ ಬಡಾವಣೆಗಳಿಗೆ ಬರಬೇಕೆಂಬ ಯೋಚನೆಯಿಂದ ಅಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿ ಅಗಲ ಬೀದಿಗಳು ಬಂದವು. ಈ ಹೊಸ ಮನೆಗಳಿಗೆ ಕಿಟಕಿ ಹೆಚ್ಚು, ಗಾಜಿನ ರೆಕ್ಕೆಗಳು ಹೆಚ್ಚು, ಕಟಕಟೆ ಹೆಚ್ಚು. ಅಷ್ಟಕ್ಕೂ ತೇಗ ಹಾಕಿಸಲು ಎಲ್ಲರಿಗೂ ಶಕ್ತಿ ಇರಲಿಲ್ಲ. ಅಗ್ಗದ ಕಾಡುಮರ ಹಾಕಿದರೆ ಅದರ ಗಂಟು, ಬಿರುಕು, ಬಣ್ಣಭೇದ ಮುಚ್ಚಬೇಕು. ಬಿಸಿಲು ಮಳೆ ತಡೆಯಬೇಕು. ಬಂಗಲೆಗಳಲ್ಲಿ ಬ್ರಿಟಿಷರು ಬಳಸುತ್ತಿದ್ದ ಎಣ್ಣೆಬಣ್ಣ ಇದಕ್ಕೆ ಒದಗಿತು. ಸಿರಿವಂತರು ಬೀಟೆ, ತೇಗಗಳಿಗೆ ಮೆರುಗೆಣ್ಣೆ ಕೊಟ್ಟು ಹಾಗೇ ಬಿಟ್ಟರು. ಮಧ್ಯಮ ವರ್ಗದ ಬಾಗಿಲಿಗೆ ಬಣ್ಣ ಏರಿತು.

ಆ ಕಾಲದ ಬಣ್ಣ ಈಗಿನಂತೆ ಡಬ್ಬಿ ತೆರೆದು ಬಳಿಯುವಂಥದ್ದಾಗಿರಲಿಲ್ಲ. ವೈಟ್ ಲೆಡ್, ಅಂದರೆ ಸೀಸದ ಬಿಳಿ, ಎಣ್ಣೆಯಲ್ಲಿ ಅರೆದ ಗಟ್ಟಿ ಮುದ್ದೆಯಾಗಿ ಪೀಪಾಯಿಗಳಲ್ಲಿ ಬರುತ್ತಿತ್ತು. ಅದಕ್ಕೆ ಅಗಸೆ ಎಣ್ಣೆ, ಟರ್ಪೆಂಟೈನ್, ಬೇಕಾದ ಬಣ್ಣದ ಪುಡಿ ಬೆರೆಸಿ ಕಲಸುವವನು ಪೇಂಟರು. ಬೇಗ ಒಣಗಲೆಂದು ಹಾಕುತ್ತಿದ್ದ ವಸ್ತುವೂ ಎಷ್ಟೋ ಸಲ ಸೀಸದ್ದೇ. ಸೀಸದ ಬಿಳಿಯನ್ನು ತಯಾರಿಸುವ ಹಳೆಯ ಡಚ್ ಪದ್ಧತಿಯಲ್ಲಿ ಸೀಸದ ಸುರುಳಿಗಳನ್ನು ವಿನೆಗರ್ ಇದ್ದ ಮಡಕೆಗಳ ಮೇಲಿಟ್ಟು, ಗೊಬ್ಬರದಲ್ಲೋ ಚರ್ಮ ಹದ ಮಾಡುವ ತೊಗಟೆಯಲ್ಲೋ ತಿಂಗಳುಗಟ್ಟಲೆ ಹೂತಿಡುತ್ತಿದ್ದರು. ಶಾಖಕ್ಕೂ ಆವಿಗೂ ಸೀಸ ಕಿಲುಬು ಹಿಡಿದು ಬಿಳಿ ಹೊಪ್ಪಳೆಯಾಗುತ್ತಿತ್ತು. ಅದನ್ನು ಅರೆದರೆ ಬಣ್ಣ.

ಅದಕ್ಕೆ ಅಷ್ಟೊಂದು ಬೆಲೆ ಬಂದದ್ದೇಕೆ ಎಂದರೆ ಅದು ನಿಜಕ್ಕೂ ಒಳ್ಳೆಯ ಬಣ್ಣವಾಗಿತ್ತು. ಸೀಸದ ಕಾರ್ಬೊನೇಟ್ ಅಗಸೆ ಎಣ್ಣೆಯ ಆಮ್ಲಗಳೊಂದಿಗೆ ಸೇರಿ ಒಂದು ಬಗೆಯ ಸಾಬೂನು ಆಗುತ್ತದೆ. ಆ ಸಾಬೂನು ಪದರವನ್ನು ಬಿಗಿಯಾಗಿಯೂ ಬಾಗುವಂತೆಯೂ ಇಡುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದರೆ ಬಣ್ಣವೂ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗಿದರೆ ಕುಗ್ಗುತ್ತದೆ. ನಾನು ನೋಡಿದ ಆ ಬೂದುಬಿಳಿ ಪದರ ಅಷ್ಟು ವರ್ಷ ಕಳೆದರೂ ನಾರು ಬಿಡದೆ ಕೂತಿದ್ದಕ್ಕೆ ಇದೇ ಕಾರಣ. ಹಳೆಯ ಬಣ್ಣವನ್ನು ಕದಲಿಸದೆ ಅದರ ಮೇಲೆ ಬಳಿಯಿರಿ ಎಂದು ಧೈರ್ಯವಾಗಿ ಹೇಳುವುದಕ್ಕೂ ಇದೇ ಕಾರಣ. ಅಷ್ಟು ಒಳ್ಳೆಯ ತಳಪಾಯ ಮತ್ತೆ ಸಿಗದು.

ಈ ಬಣ್ಣ ವಿಷವೆಂದು ಗೊತ್ತಾದದ್ದು ಇತ್ತೀಚೆಗಲ್ಲ. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಕಸುಬುದಾರರ ರೋಗಗಳ ಬಗ್ಗೆ ಬರೆದ ಗ್ರಂಥದಲ್ಲಿ ಬಣ್ಣದವರ ಕಾಯಿಲೆಗಳನ್ನು ಹೇಳಿದ್ದಾನೆ. ತಡೆಯಲಾಗದ ಹೊಟ್ಟೆಶೂಲೆ, ಮಲಬದ್ಧತೆ, ಕೊನೆಗೆ ಮಣಿಕಟ್ಟು ಮೇಲೇಳದೆ ಕೈ ಜೋತುಬೀಳುವುದು ಪೇಂಟರ ರೋಗವೆಂದೇ ಯುರೋಪಿನಲ್ಲಿ ಹೆಸರಾಗಿತ್ತು.

ಮಕ್ಕಳ ಸಂಗತಿಯನ್ನು ಮೊದಲು ಕಂಡುಹಿಡಿದದ್ದು ನಮ್ಮಂತೆಯೇ ಬಿಸಿಲಿನ ನಾಡು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಸೀಸದ ವಿಷವೇರಿದ ಮಕ್ಕಳು ಆಸ್ಪತ್ರೆಗೆ ಬರುತ್ತಿದ್ದರು. ಎಲ್ಲಿಂದ ಎಂದು ತಿಳಿಯುತ್ತಿರಲಿಲ್ಲ. ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯ ಆ ಮಕ್ಕಳ ಮನೆಯ ವೆರಾಂಡಾದ ಕಟಕಟೆಗಳನ್ನು ಗಮನಿಸಿದ. ಬಿಸಿಲಿಗೆ ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತುತ್ತಿತ್ತು. ಮಕ್ಕಳು ಅದನ್ನು ಹಿಡಿದು ಆಡಿ, ಅದೇ ಬೆರಳು ಚೀಪುತ್ತಿದ್ದರು, ಉಗುರು ಕಚ್ಚುತ್ತಿದ್ದರು. 1904ರಲ್ಲಿ ಅವನು ಇದನ್ನು ಪ್ರಕಟಿಸಿದ. ಚಕ್ಕೆ ತಿನ್ನಬೇಕಾಗಿಲ್ಲ, ಕೈಗೆ ಅಂಟಿದ ಧೂಳು ಸಾಕು ಎಂಬ ಈ ತಿಳಿವಳಿಕೆ ಆಗಿನಿಂದಲೂ ಇದೆ.

ಫ್ರಾನ್ಸ್ 1909ರಲ್ಲಿ ಕಟ್ಟಡಗಳಿಗೆ ವೈಟ್ ಲೆಡ್ ಬಳಿಯುವುದನ್ನು ನಿಷೇಧಿಸುವ ಕಾನೂನು ಮಾಡಿತು. 1921ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇದಕ್ಕಾಗಿಯೇ ಒಂದು ಒಡಂಬಡಿಕೆ ತಂದಿತು. ಕಟ್ಟಡದ ಒಳಭಾಗಕ್ಕೆ ವೈಟ್ ಲೆಡ್ ಬಳಿಯಬಾರದು, 18 ತುಂಬದ ಹುಡುಗರನ್ನೂ ಹೆಂಗಸರನ್ನೂ ಆ ಬಣ್ಣದ ಕೈಗಾರಿಕಾ ಕೆಲಸಕ್ಕೆ ಹಚ್ಚಬಾರದು ಎಂದಿತು. ಆ ಒಡಂಬಡಿಕೆಗೆ ಭಾರತ ಸೇರಲಿಲ್ಲ. ಆದರೆ ಎರಡೇ ವರ್ಷದಲ್ಲಿ, 1923ರಲ್ಲಿ ಇಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯಿದೆ ಸೀಸದ ವಿಷವನ್ನು ಕಸುಬಿನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಕಾಯಿಲೆ ಬಂದರೆ ಪರಿಹಾರ ಕೊಡಬೇಕೆಂದು ಸರಕಾರಕ್ಕೆ ಗೊತ್ತಿತ್ತು. ಕಾಯಿಲೆ ತರುವ ಬಣ್ಣ ಮಾತ್ರ ಪೇಟೆಯಲ್ಲಿ ಉಳಿಯಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಗಾಗಲಿ, ಏಣಿ ಏರಿದ ಹುಡುಗನಿಗಾಗಲಿ ಇದನ್ನು ಯಾರೂ ಹೇಳಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮಪ್ಪನ ಜೊತೆಯ ಕೆಲಸಗಾರರು ಸಂಜೆ ಒಂದು ಉಂಡೆ ಬೆಲ್ಲ ತಿನ್ನುತ್ತಿದ್ದರು. ಬೆಲ್ಲ ತಿಂದರೆ ಹೊಟ್ಟೆಗೆ ಹೋದ ಧೂಳು ಇಳಿಯುತ್ತದೆಂಬ ನಂಬಿಕೆ. ಬೆಲ್ಲಕ್ಕೆ ಸೀಸವನ್ನು ಹೊರಹಾಕುವ ಶಕ್ತಿ ಇಲ್ಲ. ಆದರೆ ಖಾಲಿ ಹೊಟ್ಟೆ ಸೀಸವನ್ನು ಬೇಗ ಹೀರುತ್ತದೆ, ಸುಣ್ಣದಂಶ ಕಬ್ಬಿಣದಂಶ ಕಡಿಮೆ ಇರುವ ದೇಹ ಇನ್ನೂ ಹೆಚ್ಚು ಹೀರುತ್ತದೆ ಎಂಬುದು ನಿಜ. ಬೆಳಗ್ಗೆ ಬರೀ ಕಾಫಿ ಕುಡಿದು ಬಂದು ಮಧ್ಯಾಹ್ನದವರೆಗೆ ಉಜ್ಜುವವನಿಗೆ ಮೊದಲು ಬೇಕಾದದ್ದು ಹೊಟ್ಟೆತುಂಬ ತಿಂಡಿ, ಕೈ ತೊಳೆಯಲು ಸೋಪು.

ಬಣ್ಣದ ಉದ್ಯಮ ನಮ್ಮ ನೆಲದಲ್ಲೇ ಬೇರುಬಿಟ್ಟ ಕತೆಯೂ ಇದರ ಜೊತೆಗೇ ಇದೆ. ಹೌರಾದ ಶಾಲಿಮಾರ್ ಕಾರ್ಖಾನೆ 1902ರದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಕಾಡಿನ ಅರಗಿಗೆ ಬೆಲೆ ಬರಲಿ, ಸೀಮೆಯ ಹುಡುಗರಿಗೆ ಕೆಲಸ ಸಿಗಲಿ ಎಂಬುದು ಆಶಯ. ಮುಂದೆ ಸರಕಾರದ ಸಂಸ್ಥೆಯಾಗಿ, 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಕೊಟ್ಟದ್ದು ಇದೇ ಬನ್ನಿಮಂಟಪದ ಕಾರ್ಖಾನೆ. 1942ರಲ್ಲಿ ಮುಂಬಯಿಯಲ್ಲಿ ನಾಲ್ವರು ಗೆಳೆಯರು ಏಷ್ಯನ್ ಪೇಂಟ್ಸ್ ಕಟ್ಟಿದರು. 1954ರಲ್ಲಿ ಅದರ ಡಬ್ಬಿಗಳ ಮೇಲೆ ಬ್ರಷ್ ಹಿಡಿದ ತುಂಟ ಹುಡುಗ ಗಟ್ಟು ಬಂದ. ಅವನನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಬಣ್ಣ ಬಳಿಯುವುದು ಹಬ್ಬದ ಸಂಭ್ರಮವೆಂಬ ಭಾವ ಮನೆಮನೆಗೂ ಮುಟ್ಟಿತು.

ಇದೇ ಹೊತ್ತಿನಲ್ಲಿ ಬಿಳಿಯ ಗುಣವೂ ಬದಲಾಗುತ್ತಿತ್ತು. 1946ರಲ್ಲಿ ತಿರುವನಂತಪುರದಲ್ಲಿ ಟ್ರಾವಂಕೂರ್ ಟೈಟಾನಿಯಂ ಸ್ಥಾಪನೆಯಾಗಿ, ಕೇರಳದ ಕಡಲತೀರದ ಕಪ್ಪು ಮರಳಿನಿಂದ ಟೈಟಾನಿಯಂ ಡೈಆಕ್ಸೈಡ್ ಎಂಬ ಹೊಸ ಬಿಳಿಯನ್ನು ತೆಗೆಯುವ ಕೆಲಸ ಆರಂಭವಾಯಿತು. ಸೀಸಕ್ಕಿಂತ ಬೆಳ್ಳಗೆ, ಗಾಳಿಗೆ ಕಪ್ಪಾಗದು, ವಿಷವೂ ಅಲ್ಲ. ಬಿಳಿ ಹೀಗೆ ನಿಧಾನವಾಗಿ ಸೀಸದಿಂದ ಬಿಡುಗಡೆಯಾಯಿತು.

ಹಳದಿಗೂ ಹಸಿರಿಗೂ ಆ ಭಾಗ್ಯ ಬೇಗ ಬರಲಿಲ್ಲ. ಹೊಳೆಯುವ ಹಳದಿ ಎಂದರೆ ಲೆಡ್ ಕ್ರೋಮೇಟ್. ಅದಕ್ಕೆ ಪ್ರಷ್ಯನ್ ನೀಲಿ ಬೆರೆಸಿದರೆ ಕಿಟಕಿ ಬಾಗಿಲುಗಳ ಆ ಕಡುಹಸಿರು. ಅಗ್ಗ, ಗಾಢ, ಎರಡೇ ಕೈಗೆ ಹಳೆಯದೆಲ್ಲ ಮುಚ್ಚಿಹೋಗುತ್ತದೆ. ಹೊಸ ಸಿಂಥೆಟಿಕ್ ಎನಾಮೆಲ್‌ಗಳು ಬಂದ ಮೇಲೂ ಮಾರುಕಟ್ಟೆಯಲ್ಲಿ ಈ ಬಣ್ಣಗಳು ಉಳಿದವು. ಬಣ್ಣದ ಡಬ್ಬಿಗಳನ್ನು ಮುಂದೆ ಪರೀಕ್ಷಿಸಿದಾಗಲೆಲ್ಲ ಹಳದಿಯೇ ಸೀಸದಲ್ಲಿ ಮುಂದಿರುತ್ತಿತ್ತು.

ಆ ಹಳದಿ ನಮ್ಮಲ್ಲಿ ಎಲ್ಲಿಗೆ ಹೋಯಿತೆಂದರೆ ಹೊಸ್ತಿಲಿಗೆ. ಪ್ರತಿ ಶುಕ್ರವಾರ ಅರಿಶಿನ ಬಳಿಯುವ ಶ್ರಮ ತಪ್ಪಲಿ ಎಂದು ಮನೆಯವರು ಹೊಸ್ತಿಲಿಗೆ ಹಳದಿ ಎನಾಮೆಲ್ ಬಳಿಸತೊಡಗಿದರು. ಅದರ ಮೇಲೆ ಕುಂಕುಮದ ಬದಲು ಕೆಂಪು ಎನಾಮೆಲಿನ ಬೊಟ್ಟು, ಬಿಳಿಯಲ್ಲಿ ರಂಗೋಲಿಯ ಎಳೆ. ಅಪ್ಪ ಇದನ್ನು ಬಹಳ ಚೆಂದವಾಗಿ ಮಾಡುತ್ತಿದ್ದರು. ಹಳದಿ ಒಣಗಿದ ಮೇಲೆ ಬ್ರಷ್ಷಿನ ಹಿಡಿಯ ತುದಿಯನ್ನು ಕೆಂಪಿನಲ್ಲಿ ಅದ್ದಿ ಒತ್ತಿದರೆ ಗುಂಡನೆಯ ಬೊಟ್ಟು. ಅಂಗೈ ಅಗಲಕ್ಕೆ ಒಂದರಂತೆ, ಅಳತೆಕೋಲಿಲ್ಲದೆ ಸಾಲು ತಪ್ಪುತ್ತಿರಲಿಲ್ಲ. ಈಗ ಯೋಚಿಸಿದರೆ ಮನೆಯ ಮರಗೆಲಸದಲ್ಲೆಲ್ಲ ಹೆಚ್ಚು ಸವೆಯುವುದು ಹೊಸ್ತಿಲು. ದಿನವಿಡೀ ಕಾಲು, ಬಾಗಿಲು ತಾಗುತ್ತಿರುತ್ತವೆ. ಅಂಬೆಗಾಲಿಡುವ ಕೂಸು ಮೊದಲು ಕೈಯೂರುವುದೂ ಅದರ ಮೇಲೆಯೇ. ಮಗು ಹೊಸ್ತಿಲು ದಾಟಿತೆಂದು ನಾವು ಸಿಹಿ ಹಂಚುತ್ತೇವೆ.

ತೊಟ್ಟಿಲ ಮಾತೂ ಹೀಗೇ. ಒಂದು ತೊಟ್ಟಿಲು ಮೂರು ತಲೆಮಾರು ಓಡಾಡುತ್ತದೆ. ಅರಗಿನ ಬಣ್ಣ ಮಾಸಿದಾಗ, ಹೊಸ ಕೂಸಿಗೆ ಹೊಸದಾಗಿ ಕಾಣಲೆಂದು ಅದರ ಮೇಲೆ ಎನಾಮೆಲ್ ಬಳಿಯುವುದು ನಮ್ಮ ನೆಂಟರಿಷ್ಟರ ಮನೆಗಳಲ್ಲೆಲ್ಲ ರೂಢಿಯಲ್ಲಿತ್ತು. ಹಲ್ಲು ಮೂಡುವ ಕೂಸು ಎದ್ದುನಿಂತು ಕಚ್ಚುವುದು ತೊಟ್ಟಿಲ ಅಂಚನ್ನು. ಪ್ರೀತಿಯಿಂದಲೇ ಮಾಡಿದ ಕೆಲಸಗಳಿವು. ಕೇಡು ಪ್ರೀತಿಯಲ್ಲಿರಲಿಲ್ಲ, ಡಬ್ಬಿಯಲ್ಲಿತ್ತು.

ಭಾರತದಲ್ಲಿ ಈ ವಿಷಯ ಬಯಲಿಗೆ ಬಂದದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇಲ್ಲಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಊರೂರಿಗೆ ಹೋಗಿ ಹೇಳಿದರು. ಅವರ ಕೆಲಸದ ಬಗ್ಗೆ ಒಬ್ಬ ರಸಾಯನಶಾಸ್ತ್ರದ ಮೇಡಂ ಆಗಿ ನನಗೆ ಅಪಾರ ಗೌರವ. ಆಗಿನ ಸೀಸದ ದೊಡ್ಡ ಮೂಲ ಪೆಟ್ರೋಲು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣಕ್ಕೆ ಇನ್ನೂ 16 ವರ್ಷ ಬೇಕಾಯಿತು. 2016ರ ನವೆಂಬರ್ 1ರಂದು ಕೇಂದ್ರ ಸರಕಾರ ನಿಯಮ ಹೊರಡಿಸಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ಆ ನಿಯಮ ಮರುವರ್ಷ ಜಾರಿಗೆ ಬಂತು. ಹೋಲಿಸಿ ನೋಡಬೇಕೆಂದರೆ, ಹಳೆಯ ವೈಟ್ ಲೆಡ್ ಬಣ್ಣದ ಒಣಗಿದ ಪದರದಲ್ಲಿ ತೂಕದ ಅರ್ಧದಷ್ಟು ಸೀಸ ಇರುವುದುಂಟು. ಅಂದರೆ ಹತ್ತು ಲಕ್ಷದಲ್ಲಿ ಐದು ಲಕ್ಷ ಭಾಗ.

ಈ ನಿಯಮ ಡಬ್ಬಿಗೆ ಬಂದದ್ದು, ಬಾಗಿಲಿಗಲ್ಲ. ಆಗಲೇ ಬಳಿದದ್ದು ಎಲ್ಲ ಮನೆಗಳಲ್ಲಿ ಹಾಗೇ ಇದೆ. ಗಟ್ಟಿಯಾಗಿ ಕೂತಿರುವಷ್ಟು ಕಾಲ ಅದರಿಂದ ದೊಡ್ಡ ಕೇಡಿಲ್ಲ. ಕೆದಕಿದಾಗ ಕೇಡು. ಕರೆಂಟಿನ ಗ್ರೈಂಡರ್ ಹಿಡಿದು ಎರಡು ಗಂಟೆಯಲ್ಲಿ ಬಾಗಿಲನ್ನು ಬರಿದು ಮಾಡುವವರನ್ನು ನೋಡಿದ್ದೇನೆ. ಬ್ಲೋಲ್ಯಾಂಪಿನ ಬೆಂಕಿಗೆ ಬಣ್ಣ ಗುಳ್ಳೆಯೇಳಿಸಿ ಕೆರೆಯುವವರನ್ನೂ ನೋಡಿದ್ದೇನೆ. ಆ ಹೊಗೆಯಲ್ಲಿ ಸೀಸವೂ ಏಳುತ್ತದೆ. ಇನ್ನೂ ಕೆಟ್ಟದ್ದು, ಕಿತ್ತ ಹಳೆಯ ಕಿಟಕಿ ಚೌಕಟ್ಟುಗಳನ್ನು ಕಡಿದು ಬಚ್ಚಲ ಹಂಡೆಯ ಒಲೆಗೆ ಹಾಕುವುದು. ಸ್ನಾನದ ನೀರು ಕಾಯುತ್ತದೆ, ಸೀಸ ಬೂದಿಯಲ್ಲೂ ಹೊಗೆಯಲ್ಲೂ ಮನೆಗೆ ಮರಳುತ್ತದೆ. ಆ ಬೂದಿ ಪಾತ್ರೆ ತಿಕ್ಕಲು, ಗಿಡದ ಬುಡಕ್ಕೆ ಹೋಗುತ್ತದೆ.

ಎಷ್ಟು ಧೂಳು ಅಪಾಯ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನೂರಕ್ಕೆ ಹತ್ತರಷ್ಟು ಸೀಸವಿರುವ ಬಣ್ಣದ ಒಂದೇ ಒಂದು ಗ್ರಾಂ ಧೂಳಿನಲ್ಲಿ ಒಂದು ಲಕ್ಷ ಮೈಕ್ರೋಗ್ರಾಂ ಸೀಸವಿರುತ್ತದೆ. ಅದು 1,000 ಚದರಡಿ ಮನೆಯಲ್ಲಿ ಸಮನಾಗಿ ಹರಡಿದರೆ ಚದರಡಿಗೆ 100 ಮೈಕ್ರೋಗ್ರಾಂ. ಅಮೆರಿಕದ ಪರಿಸರ ಇಲಾಖೆ ನೆಲದ ಧೂಳಿಗೆ 2019ರಲ್ಲಿ ಇಟ್ಟ ಗೆರೆ ಚದರಡಿಗೆ 10 ಆಗಿತ್ತು. ಒಂದು ಗ್ರಾಂ ಎಂದರೆ ಚಿಟಿಕೆಯಷ್ಟು. ಒಂದು ಬಾಗಿಲನ್ನು ಬರಿದು ಮಾಡಿದರೆ ಏಳುವುದು ಚಿಟಿಕೆಯಲ್ಲ, ಬೊಗಸೆಗಟ್ಟಲೆ. ಬಾಯಿಗೆ ಹೋದ ಸೀಸವನ್ನು ಎಳೆಯ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರುತ್ತದೆ. ಅದು ಕೆಡಿಸುವುದು ಬೆಳೆಯುತ್ತಿರುವ ಮಿದುಳನ್ನು. ಇಷ್ಟರವರೆಗೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಹಳೆಯ ಬಾಗಿಲಿಗೆ ಹೇಗೆ ಬಳಿಯಬೇಕು? ಅಪ್ಪನ ಪದ್ಧತಿಯ ಒಳ್ಳೆಯ ಅಂಶಗಳಿಗೆ ನಾನು ಕಲಿತ ರಸಾಯನಶಾಸ್ತ್ರವನ್ನು ಕೂಡಿಸಿ ಹೇಳುತ್ತೇನೆ. 2017ಕ್ಕಿಂತ ಹಿಂದಿನ ಬಣ್ಣವಾದರೆ ಸೀಸ ಇದೆಯೆಂದೇ ತಿಳಿದು ಕೆಲಸ ಮಾಡಬೇಕು, ಆಮೇಲಿನ ಹಳದಿ ಹಸಿರುಗಳಿಗೂ ಅದೇ ಮಾತು. ಮೊದಲು ಬಣ್ಣದ ಹಿಡಿತ ನೋಡಿ. ಬ್ಲೇಡಿನಿಂದ ಸಣ್ಣದೊಂದು ಗುಣಾಕಾರದ ಗೀರು ಹಾಕಿ, ಅಂಟುಪಟ್ಟಿ ಒತ್ತಿ, ಸರಕ್ಕನೆ ಎಳೆಯಿರಿ. ಪಟ್ಟಿಗೆ ಬಣ್ಣ ಹತ್ತದಿದ್ದರೆ ತಳ ಗಟ್ಟಿ. ಆಮೇಲೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಮೇಲಿನದು ನೀರಿನ ಬಣ್ಣ, ಬರದಿದ್ದರೆ ಎಣ್ಣೆಯದು. ಎಣ್ಣೆಯ ನುಣುಪಿನ ಮೇಲೆ ನೀರಿನ ಬಣ್ಣವನ್ನು ನೇರವಾಗಿ ಬಳಿದರೆ ಮುಂದಿನ ಬೇಸಗೆಗೆ ಅದು ಸಿಪ್ಪೆಯಂತೆ ಸುಲಿದು ಬರುತ್ತದೆ.

ಕೆಲಸದ ದಿನ ಮಕ್ಕಳೂ ಬಸುರಿಯರೂ ಮನೆಯಲ್ಲಿರಬಾರದು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚನ್ನು ಗೋಡೆಗೆ ಅಂಟಿಸಿ, ಫ್ಯಾನು ನಿಲ್ಲಿಸಿ. ಬಾಗಿಲನ್ನು ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಿಂದ ತೊಳೆಯಿರಿ. ದೀಪದೆಣ್ಣೆ, ಅಡುಗೆಮನೆಯ ಜಿಡ್ಡು, ಕೈಯ ಬೆವರು ಹೋಗುತ್ತವೆ, ಹೊಳಪೂ ತುಸು ಸಾಯುತ್ತದೆ. ಚೊಕ್ಕ ನೀರಿನಿಂದ ಎರಡು ಸಲ ಒರೆಸಿ. ಉಜ್ಜುವುದೆಲ್ಲ ಒದ್ದೆಯಲ್ಲೇ ಆಗಬೇಕು. ನೀರಿಗೆ ತಡೆಯುವ ವಾಟರ್ ಪೇಪರನ್ನು ಬಕೆಟ್ಟಿನಲ್ಲಿ ಅದ್ದಿ, ಹೊಳಪು ಮಂಕಾಗುವಷ್ಟು ಮಾತ್ರ ಉಜ್ಜಿ. ಮರ ಕಾಣುವವರೆಗೆ ಹೋಗಬಾರದು. ಕೆಸರು ಒಣಗುವ ಮುಂಚೆ ಹಳೆಯ ಬಟ್ಟೆಯಿಂದ ಒರೆಸಿ. ಸಡಿಲವಾದ ಚಕ್ಕೆಗಳನ್ನು ನೀರು ಚಿಮುಕಿಸಿ ಪುಟ್ಟಿ ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ, ಹಳ್ಳಗಳಿಗೆ ಲಪ್ಪಂ, ಅಂದರೆ ಪುಟ್ಟಿ, ತುಂಬಿ. ಆಮೇಲೆ ನುಣುಪಿನ ಮೇಲೂ ಹಿಡಿಯುವ ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ. ಕೆಲಸಗಾರನಿಗೆ ಎನ್-95 ಮಾಸ್ಕ್ ಇರಲಿ. ಊಟಕ್ಕೆ ಮುಂಚೆ ಅವನು ಕೈ ಮುಖ ತೊಳೆಯಲಿ, ಬೀಡಿ ಅಲ್ಲಿ ಸೇದದಿರಲಿ, ಅವನ ಬಟ್ಟೆ ಅವನ ಮನೆಯ ಮಕ್ಕಳ ಬಟ್ಟೆಯೊಡನೆ ಒಗೆತಕ್ಕೆ ಹೋಗದಿರಲಿ. ಕೊನೆಗೆ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಚಕ್ಕೆ, ಬಟ್ಟೆ, ಪ್ಲಾಸ್ಟಿಕ್ ಎಲ್ಲವನ್ನೂ ಎರಡು ಚೀಲದಲ್ಲಿ ಬಿಗಿದು ಕಟ್ಟಿ. ಉಜ್ಜಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕಕ್ಕಸಿಗೆ ಸುರಿಯಿರಿ. ತುಳಸಿಕಟ್ಟೆಯ ಹತ್ತಿರವಾಗಲಿ ಹಿತ್ತಲಿಗಾಗಲಿ ಬೇಡ.

ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಎಷ್ಟು ಬಳಿದರೂ ಅಲ್ಲಿ ಧೂಳು ತಪ್ಪದು. ಮೊದಲು ಕೀಲು ಬಿಗಿ ಮಾಡಿಸಿ, ಅಂಚನ್ನು ಒದ್ದೆ ಮಾಡಿ ಬಡಗಿಯಿಂದ ತುಸು ಕೀಸಿಸಿ. ಹೊಸ್ತಿಲಿನ ಹಳದಿಯನ್ನು ಕೆರೆಯುವ ಬದಲು ಅದರ ಮೇಲೆ ಹಿತ್ತಾಳೆ ತಗಡು ಹೊದಿಸಿ. ಅದು ನಮ್ಮಲ್ಲಿ ಹಳೆಯ ಅಂದವೇ. ಅದರ ಮೇಲೆ ಮತ್ತೆ ಶುಕ್ರವಾರದ ಅರಿಶಿನ ಬರಲಿ. ಆ ಅರಿಶಿನವನ್ನೂ ನಂಬುವ ಅಂಗಡಿಯಿಂದ ತನ್ನಿ, ಏಕೆಂದರೆ ಇದೇ ಲೆಡ್ ಕ್ರೋಮೇಟನ್ನು ಅರಿಶಿನದ ಕೊಂಬಿಗೆ ಹೊಳಪು ಬರಲೆಂದು ಬೆರೆಸುವುದು ದಕ್ಷಿಣ ಏಷ್ಯಾದಲ್ಲಿ ಪತ್ತೆಯಾಗಿದೆ. ಹಳೆಯ ಎನಾಮೆಲ್ ತೊಟ್ಟಿಲಿನಲ್ಲಿ ಕೂಸನ್ನು ಮಲಗಿಸಬೇಡಿ. ಕೂಸು ಕಚ್ಚುವ ಜಾಗದಲ್ಲಿ ಮೇಲಿನ ಪದರ ಕಾಯುವುದಿಲ್ಲ. ಅದನ್ನು ಹಿರಿಯರ ನೆನಪಾಗಿ ಇಟ್ಟುಕೊಳ್ಳಿ.

ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಒಣಗಿದ್ದನ್ನು ಗ್ರೈಂಡರಿನಿಂದ ಹಾರಿಸುವುದಕ್ಕಿಂತ ಒದ್ದೆಯಲ್ಲಿ ಉಜ್ಜಿ ಒರೆಸುವುದು ನಿಧಾನ. ಚದರಡಿ ಲೆಕ್ಕದ ಗುತ್ತಿಗೆಯಲ್ಲಿ ಈ ನಿಧಾನಕ್ಕೆ ಜಾಗವಿಲ್ಲ. ಮೂರು ದಿನದಲ್ಲಿ ಮುಗಿಸು, ನಾಡಿದ್ದು ಗೃಹಪ್ರವೇಶ ಎಂದು ಮನೆಯವರು ಅವಸರ ಮಾಡಿದರೆ ಮೇಸ್ತ್ರಿಗೆ ಗ್ರೈಂಡರ್ ಬಿಟ್ಟು ದಾರಿಯಿಲ್ಲ. ಧೂಳು ಮೊದಲು ಹೋಗುವುದು ಅವನ ಮೂಗಿಗೆ, ಆಮೇಲೆ ಅವನ ಅಂಗಿಯಲ್ಲಿ ಕೂತು ಅವನ ಮಕ್ಕಳ ಬಾಯಿಗೆ, ಉಳಿದದ್ದು ಮನೆಯವರ ಮಕ್ಕಳಿಗೆ. ಆದ್ದರಿಂದ ಹಳೆಯ ಮನೆಗೆ ಬಣ್ಣ ಮಾಡಿಸುವವರು ಗುತ್ತಿಗೆ ಮಾತಾಡುವಾಗಲೇ ಒದ್ದೆ ಉಜ್ಜುವ ಕೆಲಸಕ್ಕೆಂದು ಬೇರೆ ಕೂಲಿ ಬರೆಸಿ. ಪ್ಲಾಸ್ಟಿಕ್, ಮಾಸ್ಕ್, ಸೋಪು ನೀವೇ ತಂದುಕೊಡಿ. ನೂರು ವರ್ಷದ ಹಿಂದೆ ಜಿನೀವಾದಲ್ಲಿ ಬರೆದು ನಮ್ಮ ಬೀದಿಗೆ ತಲುಪದೆ ಹೋದ ರಕ್ಷಣೆಯನ್ನು ಇವತ್ತು ಒಂದೊಂದು ಬಾಗಿಲಿಗೆ ತಲುಪಿಸುವುದು ಆ ಒಂದೆರಡು ದಿನದ ಕೂಲಿಯಿಂದ ಸಾಧ್ಯ. ಅದನ್ನು ಕೊಡಬೇಕಾದವರು ಬಾಗಿಲಿನ ಒಡೆಯರಾದ ನಾವೇ.